‘ಯಾವುದನ್ನು ಯಾವುದರಿಂದ, ಸರ್?’

(ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮ ಅಧ್ಯಾಪಕರ ಒಂದು ಕೂಟದಲ್ಲಿ ಆಡಿದ ಮಾತು. ರೆಕಾರ್ಡಿಂಗ್ ಕೇಳಿ ಬರಹಕ್ಕೆ ಇಳಿಸಿದ್ದು.)

ಮೊದಲು ಒಂದು ವಾಕ್ಯ ಹೇಳುತ್ತೇನೆ, ಕೇಳಿ. "ಇದನ್ನು ಇದರಿಂದ ಗುಣಿಸಿದರೆ ಇದು ಬರುತ್ತದೆ, ಇದನ್ನು ತಂದು ಇಲ್ಲಿ ಹಾಕಿದರೆ ಇದು ಹೋಗುತ್ತದೆ, ಉಳಿದದ್ದು ಇದು. ಆಯ್ತಲ್ಲ?"

ಏನಾದರೂ ಅರ್ಥ ಆಯಿತಾ? ಆಗಲು ಸಾಧ್ಯ ಇಲ್ಲ. ಆದರೆ ಈ ವಾಕ್ಯವನ್ನೇ ನಾನು 16 ವರ್ಷ ಗಣಿತದ ಪಾಠ ಅಂತ ಹೇಳಿಕೊಂಡು ಬಂದೆ. ಅದಕ್ಕೆ ಸಂಬಳವನ್ನೂ ಎಣಿಸಿಕೊಂಡೆ. ಯಾರೂ ಏನೂ ಕೇಳಲಿಲ್ಲ. 17ನೇ ವರ್ಷ ಜೂನ್ ತಿಂಗಳು, 8ನೇ ಕ್ಲಾಸಿನಲ್ಲಿ, ಕಿಟಕಿ ಪಕ್ಕದ ಬೆಂಚಿನಿಂದ ಒಂದು ಕೈ ಮೇಲೆದ್ದಿತು.

"ಯಾವುದನ್ನು ಯಾವುದರಿಂದ, ಸರ್?"

ಕ್ಲಾಸು ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಆಮೇಲೆ ಚಾಕ್ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ನನ್ನ ವಾಕ್ಯದ ಅರ್ಥ ಎಲ್ಲ ಬೆರಳಿನಲ್ಲಿತ್ತು. ಬಾಯಲ್ಲಿ ಬರೀ ಇದು, ಅದು, ಇಲ್ಲಿ, ಅಲ್ಲಿ. ಬೆರಳು ಕಾಣದವಳಿಗೆ ನಾನು ಮುಕ್ಕಾಲು ಗಂಟೆ ಏನೂ ಹೇಳಿರಲಿಲ್ಲ.

ಅವಳ ಹೆಸರು ಹೇಳುವುದಿಲ್ಲ. ಈಗ ಕಾಲೇಜು ಓದುತ್ತಿದ್ದಾಳೆ. ಈ ಮಾತು ಎಲ್ಲಾದರೂ ಯೂಟ್ಯೂಬಿಗೆ ಹೋದರೆ ಫೋನ್ ಮಾಡಿ ನನಗೇ ಬೈಯುತ್ತಾಳೆ. ಬೆಳಕು ಯಾವ ಕಡೆ, ಕತ್ತಲೆ ಯಾವ ಕಡೆ ಅನ್ನುವುದಷ್ಟೇ ಅವಳ ಕಣ್ಣಿಗೆ ತಿಳಿಯುತ್ತಿತ್ತು. ಅದಕ್ಕೇ ಕಿಟಕಿ ಪಕ್ಕ. ಬ್ರೈಲ್ ಸಣ್ಣದರಲ್ಲೇ ಕಲಿತಿದ್ದಳು. ಹೈಸ್ಕೂಲಿಗೆ ಅಣ್ಣ ಓದಿದ ಶಾಲೆಗೇ ಹೋಗುತ್ತೇನೆ ಅಂತ ಹಟ ಹಿಡಿದು ಬಂದವಳು. ಹತ್ತಿರದ ಮಾಮೂಲಿ ಶಾಲೆಗೆ ಹೋಗುವುದು ಅವಳ ಹಕ್ಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಅದು ಸ್ಪಷ್ಟವಾಗಿ ಇದೆ. ಆದರೆ ನಿಜ ಹೇಳಬೇಕಾದರೆ, ಅಡ್ಮಿಷನ್ ಆದ ದಿನ ಸ್ಟಾಫ್ ರೂಮಿನಲ್ಲಿ ಯಾರೂ ಕಾಯ್ದೆಯ ಮಾತು ಆಡಲಿಲ್ಲ. "ಗಣಿತ ನಿಮಗಲ್ವಾ ಮಾಷ್ಟ್ರೇ, ನಿಮ್ಮ ಕತೆ ಮುಗೀತು" ಅಂತ ಒಬ್ಬರು. "ಆಗಲಿ ಬಿಡಿ, ನಿಮಗೆ ಪುಣ್ಯ ಬರ್ತದೆ" ಅಂತ ಇನ್ನೊಬ್ಬರು.

ಪುಣ್ಯದ ಲೆಕ್ಕ ನನಗೆ ಗೊತ್ತಿಲ್ಲ, ಅದು ಬೇರೆ ಡಿಪಾರ್ಟ್‌ಮೆಂಟು. ನನಗೆ ದಿನಾ ಬಂದ ಲಾಭದ ಲೆಕ್ಕ ಮಾತ್ರ ಹೇಳುತ್ತೇನೆ.

ಆ ದಿನದಿಂದ ನಾನು ಬೋರ್ಡಿನಲ್ಲಿ ಬರೆಯುವುದನ್ನೆಲ್ಲ ಬಾಯಲ್ಲಿ ಹೇಳಲು ಶುರು ಮಾಡಿದೆ. ಕೇಳಲು ಸುಲಭ, ಅಲ್ವಾ? ಮಾಡಿ ನೋಡಿ. "ಎಕ್ಸ್ ಪ್ಲಸ್ 3 ಬೈ 2" ಅಂತ ಬರೆದು ಓದಿದೆ. ಕೂಡಲೇ ಪ್ರಶ್ನೆ ಬಂತು. "ಸರ್, 2 ಇರುವುದು 3ರ ಕೆಳಗೆ ಮಾತ್ರವಾ, ಅಥವಾ ಎರಡರದ್ದೂ ಕೆಳಗಾ?" ಎಂಥ ಪ್ರಶ್ನೆ ನೋಡಿ! ಕಣ್ಣಿರುವ 34 ಮಕ್ಕಳು ಬೋರ್ಡು ನೋಡಿ ಬರೆದುಕೊಂಡಿದ್ದರು, ಸರಿ. ಆದರೆ ಅವರಲ್ಲಿ ಎಷ್ಟು ಜನಕ್ಕೆ ಆ ಗೆರೆ ಎಲ್ಲಿಂದ ಎಲ್ಲಿವರೆಗೆ ಇದೆ, ಉದ್ದ ಯಾಕಿದೆ ಅಂತ ಗೊತ್ತಿತ್ತು? ಆ ವಾರ ಕೇಳಿ ನೋಡಿದೆ. ಅರ್ಧಕ್ಕರ್ಧ ಮಕ್ಕಳಿಗೆ ಗೊತ್ತಿರಲಿಲ್ಲ. ಅವರು ಚಿತ್ರ ನೋಡಿ ಚಿತ್ರ ಬರೆಯುತ್ತಿದ್ದರು ಅಷ್ಟೆ. ನಾನು "ಎಕ್ಸ್ ಮತ್ತು 3 ಕೂಡಿಸಿದ ಮೊತ್ತ, ಅದರ ಅಡಿಗೆ ಉದ್ದ ಗೆರೆ, ಗೆರೆಯ ಕೆಳಗೆ 2" ಅಂತ ಹೇಳಲು ಕಲಿತ ಮೇಲೆ ಹಿಂದಿನ ಬೆಂಚಿನವರ ನೋಟ್ಸೂ ನೆಟ್ಟಗಾಯಿತು.

ಇನ್ನೊಂದು ಅಭ್ಯಾಸ ಹೋಯಿತು. ಉತ್ತರ ಸರಿಯಾದರೆ ನಾನು ಸುಮ್ನೆ ತಲೆ ಆಡಿಸುತ್ತಿದ್ದೆ. ತಪ್ಪಾದರೆ ಹುಬ್ಬು ಗಂಟಿಕ್ಕುತ್ತಿದ್ದೆ. ಅವಳ ಮಟ್ಟಿಗೆ ಎರಡೂ ಒಂದೇ, ನಿಶ್ಶಬ್ದ. ಹಾಗಾಗಿ ಸರಿ ಅಂದರೆ ಸರಿ ಅಂತ ಬಾಯಿ ಬಿಟ್ಟು ಹೇಳಬೇಕಾಯಿತು. ಯಾಕೆ ತಪ್ಪು ಅಂತಲೂ ಹೇಳಬೇಕಾಯಿತು. ಹುಬ್ಬು ಗಂಟಿಕ್ಕಿದರೆ ಕಾರಣ ಕೊಡಬೇಕಾಗಿಲ್ಲ ನೋಡಿ. ಅದು ನಮಗೆ ಎಷ್ಟು ಅನುಕೂಲ!

ಇನ್ನು ಅವಳ ಬರವಣಿಗೆಯ ವಿಷಯ. ಬ್ರೈಲ್ ಸ್ಲೇಟು ನೋಡಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಎರಡು ಪಟ್ಟಿ, ನಡುವೆ ಕಾಗದ. ಮೇಲಿನ ಪಟ್ಟಿಯಲ್ಲಿ ಸಣ್ಣ ಸಣ್ಣ ಕಿಟಕಿ. ಒಂದೊಂದು ಕಿಟಕಿಗೆ ಆರು ಚುಕ್ಕಿಯ ಜಾಗ, ಎಡ ಸಾಲಿನಲ್ಲಿ ಮೂರು, ಬಲ ಸಾಲಿನಲ್ಲಿ ಮೂರು. ಸ್ಟೈಲಸ್ ಅಂತ ಮೊಂಡು ದಬ್ಬಳದ ಹಾಗಿನ ಮುಳ್ಳು. ಅದರಿಂದ ಒತ್ತಿದರೆ ಚುಕ್ಕಿ ಏಳುವುದು ಕಾಗದದ ಆ ಬದಿಗೆ. ಓದಬೇಕಾದರೆ ಕಾಗದ ಮಗುಚಬೇಕು. ಹಾಗಾಗಿ ಬರೆಯುವುದು ಬಲದಿಂದ ಎಡಕ್ಕೆ, ಓದುವುದು ಎಡದಿಂದ ಬಲಕ್ಕೆ. ಪ್ರತಿ ಅಕ್ಷರವನ್ನೂ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕು. ನಾನು ಕಲಿಯಲು ಕೂತಾಗ ಮೊದಲ ವಾರ ನನ್ನ ಹೆಸರೇ ನನಗೆ ಬರೆಯಲಾಗಲಿಲ್ಲ. ಅವಳು ಕಾಗದ ಮುಟ್ಟಿ, "ಇದು ಯಾರ ಹೆಸರು ಸರ್?" ಅಂದಳು.

ದಬ್ಬಳ ಅಂದೆ ನೋಡಿ, ಅದಕ್ಕೊಂದು ಕತೆ ಇದೆ. ಲೂಯಿ ಬ್ರೈಲ್ 1809ರಲ್ಲಿ ಫ್ರಾನ್ಸಿನ ಒಂದು ಹಳ್ಳಿಯಲ್ಲಿ ಹುಟ್ಟಿದವನು. ಅಪ್ಪ ಕುದುರೆಯ ಜೀನು, ಚರ್ಮದ ಪಟ್ಟಿ ಹೊಲಿಯುವವನು. 3 ವರ್ಷದ ಮಗು ಅಪ್ಪನ ದಬ್ಬಳದಲ್ಲಿ ಆಡುತ್ತ ಕಣ್ಣಿಗೆ ಚುಚ್ಚಿಕೊಂಡಿತು. ನಂಜು ಇನ್ನೊಂದು ಕಣ್ಣಿಗೂ ಹೋಯಿತು. ಅವನ ಕಾಲದಲ್ಲಿ ಬಾರ್ಬಿಯೆ ಅನ್ನುವ ಸೇನೆಯವರು ಕತ್ತಲಲ್ಲಿ ಓದಲು 12 ಚುಕ್ಕಿಯ ಲಿಪಿ ಮಾಡಿದ್ದರು. 12 ಚುಕ್ಕಿ ಬೆರಳ ತುದಿಯೊಳಗೆ ಒಮ್ಮೆಲೇ ಹಿಡಿಸುವುದಿಲ್ಲ. ಹುಡುಗ ಅದನ್ನು ಆರಕ್ಕೆ ಇಳಿಸಿದ. 1824ರಲ್ಲಿ. ಆಗ ಅವನಿಗೆ 15 ವರ್ಷ, ನಮ್ಮ 10ನೇ ಕ್ಲಾಸಿನ ಪ್ರಾಯ. ಇದನ್ನು ನಾನು ಕ್ಲಾಸಿನಲ್ಲಿ ಹೇಳಿದಾಗ ಒಬ್ಬ, "ಸರ್, ಅವನಿಗೆ ಗಣಿತದಲ್ಲಿ ಎಷ್ಟು ಮಾರ್ಕು?" ಅಂತ ಕೇಳಿದ. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಸ್ಲೇಟಿನ ಶಬ್ದಕ್ಕೆ ಬರುತ್ತೇನೆ. ಟಕ್, ಟಕ್‌ಟಕ್, ಟಕ್. ಮೊದಲ ವಾರ ಎಲ್ಲರಿಗೂ ಕಿರಿಕಿರಿ. ಪಕ್ಕದ ಕ್ಲಾಸಿನ ಟೀಚರೂ ಬಂದು ಕೇಳಿದರು. ಎರಡನೇ ವಾರ ಯಾರಿಗೂ ಕೇಳಿಸುತ್ತಿರಲಿಲ್ಲ, ನನ್ನೊಬ್ಬನಿಗೆ ಬಿಟ್ಟು. ಯಾಕೆಂದರೆ ನನಗೆ ಅದು ಮೀಟರಿನ ಹಾಗೆ ಆಗಿಬಿಟ್ಟಿತ್ತು. ಟಕ್‌ಟಕ್ ಒಂದೇ ಸಮ ಬರುತ್ತಿದ್ದರೆ ಪಾಠ ಸರಿಯಾಗಿ ಹೋಗುತ್ತಿದೆ. ನಿಂತಿತು ಅಂದರೆ ನಾನು ಎಲ್ಲೋ ಒಂದು ಹೆಜ್ಜೆ ಹಾರಿಸಿದ್ದೇನೆ. ತಿರುಗಿ ನೋಡಿದರೆ ಅವಳು ಮುಳ್ಳು ಎತ್ತಿ ಹಿಡಿದು ಕೂತಿರುತ್ತಿದ್ದಳು. ಅಂಥ ಹೊತ್ತಲ್ಲಿ ಉಳಿದ ಮಕ್ಕಳ ಮುಖ ನೋಡಿದರೆ ಅವರಿಗೂ ಅರ್ಥ ಆಗಿರುತ್ತಿರಲಿಲ್ಲ. ಅವರು ಸುಮ್ನೆ ಬರೆದುಕೊಳ್ಳುತ್ತಿದ್ದರು. ಕಣ್ಣು ಇರುವವರಿಗೆ ಅರ್ಥ ಆಗದೆಯೂ ಬರೆಯಲು ಬರುತ್ತದೆ. ಅದೇ ತೊಂದರೆ.

ಬ್ರೈಲಿಗೆ ದಪ್ಪ ಕಾಗದ ಬೇಕು. ನೋಟ್‌ಬುಕ್ಕಿನ ಹಾಳೆಯಾದರೆ ಹರಿದುಹೋಗುತ್ತದೆ, ಚುಕ್ಕಿ ನಿಲ್ಲುವುದಿಲ್ಲ. ಸಿಗುತ್ತಿದ್ದ ಕಾಗದ ಎರಡು ತಿಂಗಳಿಗೂ ಸಾಲುತ್ತಿರಲಿಲ್ಲ. ಆಗ ಮಕ್ಕಳೇ ದಾರಿ ಕಂಡುಹಿಡಿದರು. ಹಳೆಯ ಕ್ಯಾಲೆಂಡರು! ಬ್ಯಾಂಕಿನದ್ದು, ಸೊಸೈಟಿಯದ್ದು, ದೇವಸ್ಥಾನದ್ದು, ಗಲ್ಫಿನಲ್ಲಿರುವ ಮಾವ ಕಳಿಸಿದ್ದು. ಅದೂ ಮುಗಿದರೆ ಮದುವೆ ಕಾಗದ. ನಮ್ಮೂರಲ್ಲಿ ಮದುವೆ ಕಾಗದಕ್ಕೆ ಬರ ಇಲ್ಲವಲ್ಲ. ಒಂದು ಸಲ ಅವಳ ನೋಟ್ಸ್ ಕಟ್ಟು ಬಿಚ್ಚಿದೆ. ಒಂದು ಬದಿಯಲ್ಲಿ ಬಂಗಾರದ ಬಣ್ಣದ ಗಣಪತಿ, ‘ತಮ್ಮ ಆಗಮನಾಭಿಲಾಷಿಗಳು’. ಅದರ ಮೇಲೆ ಉಬ್ಬಿ ನಿಂತದ್ದು ಬೀಜಗಣಿತ. ಆಗಸ್ಟ್ ತಿಂಗಳ ತಾರೀಕುಗಳ ಮೇಲೆ ಇಡೀ ತ್ರಿಭುಜದ ಅಧ್ಯಾಯ ಕೂತಿತ್ತು.

ಕಾಗದ ಸಿಕ್ಕಿತು, ಪುಸ್ತಕ? ಇದು ನಮ್ಮ ಗಡಿನಾಡಿನ ವಿಶೇಷ ಫಜೀತಿ. ಮೈಸೂರಿನಲ್ಲಿ ಸರಕಾರಿ ಬ್ರೈಲ್ ಮುದ್ರಣಾಲಯ ಇದೆ, ಕನ್ನಡ ಪುಸ್ತಕ ಅಚ್ಚಾಗುತ್ತದೆ. ಆದರೆ ಅದು ಕರ್ನಾಟಕದ ಪಠ್ಯ. ನಮ್ಮದು ಕನ್ನಡ ಮಾಧ್ಯಮವೇ ಆದರೂ ಪಠ್ಯ ಕೇರಳದ್ದು. ಭಾಷೆ ಅಲ್ಲಿಯದ್ದು, ಪಾಠ ಇಲ್ಲಿಯದ್ದು. ಎರಡಕ್ಕೂ ಹೊಂದುವ ಪುಸ್ತಕ ನಮ್ಮ ಕೈಗೆ ಬರಲಿಲ್ಲ. ಗೆಳತಿಯರು ಓದುವುದು, ಇವಳು ಚುಚ್ಚುವುದು. ಮೂರು ವರ್ಷ ಅವಳು ತನ್ನ ಪಠ್ಯಪುಸ್ತಕವನ್ನು ತಾನೇ ಬರೆದುಕೊಂಡಳು.

ವಾರಕ್ಕೊಮ್ಮೆ ಒಬ್ಬರು ರಿಸೋರ್ಸ್ ಟೀಚರ್, ಅಂದರೆ ಇಂಥ ಮಕ್ಕಳಿಗೆ ಕಲಿಸಲೆಂದೇ ಇರುವವರು, ಬರುತ್ತಿದ್ದರು. ಕಣ್ಣೂರಿನ ಕಡೆಯವರು. ಕನ್ನಡ ಓದಲೂ ಬಾರದು, ಮಾತಾಡಲೂ ಬಾರದು. ನನಗೆ ಒಳಗೊಳಗೇ ಸಿಟ್ಟು. ಕನ್ನಡದ ಮಗುವಿಗೆ ಮಲಯಾಳದವರನ್ನು ಕಳಿಸಿದ್ದಾರಲ್ಲ, ಎಂಥಾ ವ್ಯವಸ್ಥೆ ಇದು ಅಂತ. ಅವರು ಬಂದು ಅವಳ ಕಾಗದ ತೆಗೆದುಕೊಂಡರು. ನೋಡಿದರು. ಗಟ್ಟಿಯಾಗಿ ಓದತೊಡಗಿದರು, ಕನ್ನಡ! ಸಲೀಸಾಗಿ. "ಕೆರೆಯ ನೀರು ಇಳಿದಾಗ..." ಅಂತ ಏನೋ ಇತ್ತು, ಅವಳು ಬರೆದ ಪ್ರಬಂಧ. ಉಚ್ಚಾರ ಸ್ವಲ್ಪ ಆ ಕಡೆಯದ್ದು, ಅಷ್ಟೇ. ಒಂದು ಕಡೆ ನಿಲ್ಲಿಸಿ, ಇಲ್ಲೊಂದು ದೀರ್ಘ ಸ್ವರ ಬಿಟ್ಟುಹೋಗಿದೆಯಾ ನೋಡು ಅಂದರು. ಹೌದು, ಬಿಟ್ಟುಹೋಗಿತ್ತು. ಆಮೇಲೆ ಮೆಲ್ಲಗೆ ಅವಳನ್ನೇ ಕೇಳಿದರು: "ಎಂದಾ ಇದಿಂಡೆ ಅರ್ಥಂ?"

ಕನ್ನಡ ಬರುವ ನನಗೆ ಆ ಕಾಗದದಲ್ಲಿ ಒಂದಕ್ಷರ ಓದಲು ಬರುತ್ತಿರಲಿಲ್ಲ. ಕನ್ನಡ ಬಾರದ ಅವರು ಇಡೀ ಪುಟ ಓದಿದರು. ಹೇಗೆ ಅಂದರೆ, 1951ರಿಂದ ನಮ್ಮ ದೇಶದ ಭಾಷೆಗಳಿಗೆಲ್ಲ ಭಾರತಿ ಬ್ರೈಲ್ ಅಂತ ಒಂದೇ ವ್ಯವಸ್ಥೆ ಇದೆ. ಒಂದೇ ಧ್ವನಿಗೆ ಒಂದೇ ಚುಕ್ಕಿ ಗುಂಪು. ಎಡ ಸಾಲಿನ ಮೂರೂ ಚುಕ್ಕಿ ಎದ್ದರೆ ‘ಲ’. ಅದರಲ್ಲಿ ನಡುವಿನದ್ದು ಬಿಟ್ಟರೆ ‘ಕ’. ಆ ‘ಕ’ದ ಜೊತೆ ಬಲ ಸಾಲಿನ ಮೇಲಿನ ಚುಕ್ಕಿ ಸೇರಿದರೆ ‘ಮ’. ‘ಕಮಲ’ ಅಂತ ಕನ್ನಡದಲ್ಲಿ ಬರೆಯಿರಿ, ಮಲಯಾಳದಲ್ಲಿ ಬರೆಯಿರಿ, ಹಿಂದಿಯಲ್ಲಿ ಬರೆಯಿರಿ, ಬೆರಳಿಗೆ ಸಿಗುವುದು ಅದೇ ಮೂರು ಅಕ್ಷರ. ಕೊಂಬು, ದೀರ್ಘ, ಏತ್ವ ಅಂತ ಅಕ್ಷರಕ್ಕೆ ಅಂಟಿಸುವ ಗುರುತು ಯಾವುದೂ ಇಲ್ಲ. ‘ಕಿ’ ಬೇಕಾದರೆ ‘ಕ’ದ ಪಕ್ಕ ‘ಇ’ ಬರೆದರಾಯಿತು. ಒತ್ತಕ್ಷರ ಕೆಳಗೆ ಇಳಿಯುವುದಿಲ್ಲ, ಸಾಲಿನಲ್ಲೇ ಬರುತ್ತದೆ. ನಮ್ಮ 1ನೇ ಕ್ಲಾಸಿನ ಮಕ್ಕಳು ಒತ್ತಿಗೆ ಅಳುವುದನ್ನು ನೋಡಿದರೆ, ಇದೇ ಸುಲಭ ಅನ್ನಿಸುತ್ತದೆ ನನಗೆ.

ನಿಮ್ಮಲ್ಲಿ ಕೆಲವರ ಮುಖ ನೋಡುತ್ತಿದ್ದೇನೆ. 2017ರಲ್ಲಿ ಕೇರಳದ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡಿದ್ದರ ವಿರುದ್ಧ ನಾವೆಲ್ಲ ಬೀದಿಗಿಳಿದವರು. ನಾನೂ ಇದ್ದೆ. ಅದನ್ನು ತಪ್ಪು ಅಂತ ಹೇಳಲು ಈ ಕತೆ ತರಲಿಲ್ಲ. ಟೀಚರಿಗೆ ಅಕ್ಷರ ಓದಲು ಬಂತು, ಅರ್ಥ ಆಗಲಿಲ್ಲ. ಅರ್ಥಕ್ಕೆ ಕನ್ನಡವೇ ಬೇಕಾಯಿತು, ಅದನ್ನು ಅವಳು ಹೇಳಿಕೊಟ್ಟಳು. ಅವರು ಇವಳಿಗೆ ತಪ್ಪು ತಿದ್ದುವುದು, ಇವಳು ಅವರಿಗೆ ಕನ್ನಡ ಕಲಿಸುವುದು. ಮೂರು ವರ್ಷ ಹೀಗೇ ನಡೆಯಿತು. ಕೊನೆಗೆ ಟೀಚರ್ ನನ್ನ ಹತ್ತಿರ "ಎಂತ ಮಾಷ್ಟ್ರೇ, ಊಟ ಆಯ್ತಾ?" ಅನ್ನುವಷ್ಟು ಆಗಿದ್ದರು. ನನ್ನ ಸಿಟ್ಟು ಯಾವಾಗ ಹೋಯಿತು ಅಂತ ನೆನಪಿಲ್ಲ.

ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಎರಡು ತಿಂಗಳಲ್ಲಿ ನಾನು ಕಣ್ಣಿನಿಂದ ಬ್ರೈಲ್ ಓದಲು ಕಲಿತೆ. ಬೆರಳಿನಿಂದ ಇವತ್ತಿಗೂ ಬರುವುದಿಲ್ಲ, ನನ್ನ ಬೆರಳಿಗೆ ಎಲ್ಲ ಒಂದೇ ಹುರುಕು. ಮೊದಲ ಕ್ಲಾಸ್ ಟೆಸ್ಟ್ ಆಯಿತು, 10 ಮಾರ್ಕು. ಅವಳ ಪೇಪರಿಗೆ 8 ಕೊಟ್ಟೆ. ಮರುದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು.

"ಸರ್, 3ನೇ ಲೆಕ್ಕದಲ್ಲಿ ನಾನು ಮೈನಸ್ ಬಿಟ್ಟಿದ್ದೆ. ಮನೆಗೆ ಹೋಗುವಾಗ ಬಸ್ಸಲ್ಲಿ ನೆನಪಾಯ್ತು. ನೀವು ನೋಡ್ಲಿಲ್ವಾ?"

"ನೋಡಿದ್ದೆ."

"ಮತ್ತೆ?"

ನಾನು ಏನು ಹೇಳಲಿ? "ಬೇರೆಯವರದ್ದಾದ್ರೆ ಕಟ್ ಮಾಡ್ತೀರಲ್ಲ" ಅಂದಳು. ಕಟ್ ಮಾಡಿದೆ, 6 ಆಯಿತು. ಮುಂದಿನ ಟೆಸ್ಟಿನಲ್ಲಿ 5 ಬಂತು. ಆಗ ಅವಳಿಗೆ ಸ್ವಲ್ಪ ಬೇಜಾರಾಯಿತು, ನನಗೆ ಯಾಕೋ ಸಮಾಧಾನವಾಯಿತು. ಕನಿಕರದ ಮಾರ್ಕು ಕೊಡುವವನು ಪೇಪರನ್ನು ಸರಿಯಾಗಿ ಓದುವುದಿಲ್ಲ. ಅವಳಿಗೆ ಎಲ್ಲಿ ತಪ್ಪುತ್ತದೆ ಅಂತ ನನಗೆ ಗೊತ್ತಾದದ್ದೇ ಆ 5 ಮಾರ್ಕಿನ ಪೇಪರಿನಲ್ಲಿ.

ಕನಿಕರದ ಇನ್ನೊಂದು ರೂಪ ಇದೆ. ಶಾಲೆಗೆ ಯಾರೇ ಬರಲಿ, ಅವಳನ್ನು ನೋಡಿದ ಕೂಡಲೇ ಒಂದೇ ಪ್ರಶ್ನೆ: "ಹಾಡ್ತಾಳಾ?" ಗದಗದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ದೊಡ್ಡವರು, ನಮಸ್ಕಾರ. ಹಾಗಂತ ಕಣ್ಣು ಕಾಣದ ಮಕ್ಕಳೆಲ್ಲ ಹಾರ್ಮೋನಿಯಂ ಹಿಡಿದುಕೊಂಡೇ ಹುಟ್ಟುತ್ತಾರಾ? ಒಬ್ಬರು ಅತಿಥಿಗಳು ಬಿಡಲೇ ಇಲ್ಲ, ಒಂದು ಭಜನೆ ಹೇಳು ಮಗಾ ಅಂತ. ಇವಳು, "ಬೇಡ ಸರ್, ನಾನು ಹಾಡಿದ್ರೆ ಮಧೂರು ಗಣಪತಿಯೂ ಕಿವಿ ಮುಚ್ಚಿಕೊಳ್ತಾನೆ, ಅವನಿಗೆ ಅಷ್ಟು ದೊಡ್ಡ ಕಿವಿ" ಅಂದಳು. ಅವಳಿಗೆ ಇಷ್ಟ ಇದ್ದದ್ದು ಲೆಕ್ಕ. ಸಂಗೀತ ಅಲ್ಲ.

ಲೆಕ್ಕಕ್ಕೆ ಟೇಲರ್ ಫ್ರೇಮ್ ಅಂತ ಒಂದು ಹಲಗೆ ಇದೆ. ಅದರ ತುಂಬ ಎಂಟು ಮೂಲೆಯ ತೂತು, ತೂತಿಗೆ ಕೂರಿಸುವ ಲೋಹದ ಸಣ್ಣ ಅಚ್ಚು. ಅಚ್ಚನ್ನು ಎಂಟು ದಿಕ್ಕಿಗೆ ತಿರುಗಿಸಿ ಕೂರಿಸಬಹುದು. ಎರಡು ತುದಿಯ ಗುರುತು ಬೇರೆ ಬೇರೆ, ಹಾಗಾಗಿ ಒಂದೇ ಅಚ್ಚಿನಲ್ಲಿ 16 ಚಿಹ್ನೆ. ದಿಕ್ಕಿನ ಮೇಲೆ ಅಂಕಿ ಬದಲಾಗುತ್ತದೆ. ಚೆಂದದ ಉಪಕರಣ, ಒಂದೇ ದೋಷ. ಕೈ ತಾಗಿ ಬಿದ್ದರೆ ಇಡೀ ಕ್ಲಾಸು ಬೆಂಚಿನ ಅಡಿಗೆ.

ಉಪಕರಣಕ್ಕಿಂತ ನನಗೆ ಜಾಸ್ತಿ ಕೆಲಸಕ್ಕೆ ಬಂದದ್ದು ಅಡಿಕೆ. ಪೈಥಾಗೊರಸ್ ಪ್ರಮೇಯ ಬಂತು. ಬೋರ್ಡಿನ ಚಿತ್ರ ಅವಳಿಗೆ ಉಪಯೋಗ ಇಲ್ಲ. ಒಬ್ಬ ಹುಡುಗ ಅಂಗಳದಿಂದ ಒಂದು ಚೀಲ ಒಣಗಿದ ಅಡಿಕೆ ತಂದ. ಸಿಪ್ಪೆ ಸಮೇತ, ಗೋಟು. ನೆಲದ ಮೇಲೆ ಸಾಲಿಗೆ 3ರಂತೆ 3 ಸಾಲು ಇಡಿಸಿದೆ. ಪಕ್ಕದಲ್ಲಿ 4ರಂತೆ 4 ಸಾಲು. ಅವಳು ಕೂತು ಎರಡೂ ಚೌಕಗಳನ್ನು ಅಂಗೈಯಿಂದ ಸವರಿ ನೋಡಿದಳು. "ಈಗ ಎರಡನ್ನೂ ಸೇರಿಸಿ ಒಂದೇ ಚೌಕ ಮಾಡು" ಅಂದೆ. 4ರ ಚೌಕ ಹಾಗೇ ಇಟ್ಟುಕೊಂಡು, ಆ 9ನ್ನು ಅದರ ಬಲಕ್ಕೂ ಕೆಳಕ್ಕೂ ಒಂದೊಂದೇ ಜೋಡಿಸುತ್ತ ಹೋದಳು. 4 ಬಲಕ್ಕೆ, 4 ಕೆಳಕ್ಕೆ. ಕೈಯಲ್ಲಿ ಒಂದು ಉಳಿಯಿತು. ಮೂಲೆಯಲ್ಲಿ ಬೆರಳಿಟ್ಟಳು, ಅಲ್ಲಿ ಒಂದೇ ಒಂದು ಜಾಗ ಖಾಲಿ. ಅಡಿಕೆ ಇಟ್ಟಳು. "5ರಂತೆ 5" ಅಂದಳು. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಸುತ್ತ ನಿಂತ ಮಕ್ಕಳು "ಓ!" ಅಂದರು. 16 ವರ್ಷ ಈ ಪ್ರಮೇಯ ಕಲಿಸಿದ್ದೇನೆ, ಯಾರೂ ಓ ಅಂದಿರಲಿಲ್ಲ.

ಆಮೇಲೆ ಚೆನ್ನೆಮಣೆ ಬಂತು ಕ್ಲಾಸಿಗೆ. 14 ಗುಳಿ, ಗುಳಿಗೆ 4 ಮಂಜೊಟ್ಟಿ ಬೀಜ, ಒಟ್ಟು 56. ಗುಣಾಕಾರ, ಭಾಗಾಕಾರ ಎಲ್ಲ ಅದರಲ್ಲೇ ಉಂಟು. ಅವಳ ಅಜ್ಜಿ ಆಟಿಯ ಮಳೆಯಲ್ಲಿ ಕೂರಿಸಿ ಕಲಿಸಿದ್ದ ಆಟ. ಸ್ಟಾಫ್ ರೂಮಿನಲ್ಲಿ ಅವಳನ್ನು ಸೋಲಿಸಿದವರು ಯಾರೂ ಇಲ್ಲ. ನಾನು ಎಷ್ಟು ಸಲ ಸೋತಿದ್ದೇನೆ ಅನ್ನುವುದು ಈ ಸಭೆಗೆ ಬೇಡ.

ಮಳೆ ಅಂದೆನಲ್ಲ. ಜುಲೈಯಲ್ಲಿ ನಮ್ಮ ಕಡೆ ಮಳೆ ಹೇಗೆ ಹೊಡೆಯುತ್ತದೆ ಅಂತ ನಿಮಗೆ ಹೇಳಬೇಕಾ? ಮಾಡಿನ ಮೇಲೆ ಬೀಳುವ ಸದ್ದಿಗೆ ಪಕ್ಕದವರ ಮಾತು ಕೇಳುವುದಿಲ್ಲ. ಅಂಥ ಒಂದು ದಿನ ಪಾಠ ನಿಲ್ಲಿಸಿದೆ. ಮಕ್ಕಳಿಗೆ ಖುಷಿ. ಅವಳು ಮಾತ್ರ ಎರಡೂ ಕೈಯಲ್ಲಿ ಬೆಂಚು ಹಿಡಿದುಕೊಂಡು ಕೂತಿದ್ದಳು. ಹತ್ತಿರ ಹೋಗಿ ಕೇಳಿದೆ. "ಮಳೆ ಬಂದ್ರೆ ಮಾತ್ರ ನನಗೆ ಏನೂ ಕಾಣುವುದಿಲ್ಲ ಸರ್" ಅಂದಳು. ಉಳಿದ ದಿನ ಅವಳಿಗೆ ಎಲ್ಲ ಕಾಣುತ್ತಿತ್ತು. ಯಾರು ಬಾಗಿಲಲ್ಲಿ ನಿಂತಿದ್ದಾರೆ, ಯಾರು ಹಿಂದಿನ ಬೆಂಚಲ್ಲಿ ನೆಲ್ಲಿಕಾಯಿ ಕಚ್ಚುತ್ತಿದ್ದಾರೆ, ನಾನು ಬೋರ್ಡಿಗೆ ಮುಖ ಮಾಡಿದ್ದೇನಾ, ಮಕ್ಕಳಿಗಾ. ಆ ದಿನದಿಂದ ಮಳೆ ಜೋರಾದರೆ ಗೆಳತಿ ಅವಳ ಅಂಗೈ ಮೇಲೆ ಬೆರಳಲ್ಲಿ ಏನಾದರೂ ಹೇಳುತ್ತಿದ್ದಳು. ಅದೇನು ಭಾಷೆಯೋ, ನನಗೆ ಹೇಳಿಕೊಡಲಿಲ್ಲ.

ಅಂಧರ ಕಷ್ಟ ತಿಳಿಯಲಿ ಅಂತ ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುವ ಕಾರ್ಯಕ್ರಮ ನಾನೂ ಒಮ್ಮೆ ಯೋಚಿಸಿದ್ದೆ. ಅವಳನ್ನೇ ಕೇಳಿದೆ. "ಬೇಡ ಸರ್. ಅವರು ಹೆದರ್ತಾರೆ. ನಾನು ಹೆದರುವುದಿಲ್ಲ. ಅವರಿಗೆ ಅವರ ಹೆದರಿಕೆ ಗೊತ್ತಾಗ್ತದೆ, ನನ್ನದು ಎಂತ ಗೊತ್ತಾಗ್ತದೆ?" ಅಂದಳು. ಬಿಟ್ಟೆ. ನೀವೂ ಬಿಡಿ.

ಬೇಕಲ ಕೋಟೆಗೆ ಕರಕೊಂಡು ಹೋದದ್ದು 9ನೇ ಕ್ಲಾಸಿನಲ್ಲಿ. ಅವಳನ್ನು ಕರಕೊಂಡು ಹೋಗಿ ಪ್ರಯೋಜನ ಏನು, ಅವಳಿಗೆ ಏನು ಕಾಣುತ್ತದೆ ಅಂತ ಕೇಳಿದವರಿದ್ದರು. ನಾನು ಅದಕ್ಕೆ ಮೊದಲು ಎಷ್ಟೋ ಸಲ ಹೋಗಿದ್ದೆ. 1650ರ ಸುಮಾರಿಗೆ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು ಅಂತ ಹೇಳುವುದು, ಸಮುದ್ರದ ಕಡೆ ಬೆನ್ನು ಹಾಕಿ ಗ್ರೂಪ್ ಫೋಟೊ, ಐಸ್‌ಕ್ರೀಮು, ವಾಪಸ್ಸು. ಇವಳು ಗೋಡೆ ಬಿಡಲೇ ಇಲ್ಲ. ಮುರಕಲ್ಲು ನೋಡಿ, ಮುಟ್ಟಿದರೆ ತೂತು ತೂತು, ಬಿಸಿಲಿಗೆ ಕಾದು ಸುಡುತ್ತಿತ್ತು. ಸವರುತ್ತ ಹೋದವಳು ಒಂದು ಕಿಂಡಿಯ ಹತ್ತಿರ ನಿಂತಳು. ಕೈ ಹಾಕಿದಳು. ಕೈ ಸಾಲಲಿಲ್ಲ. ಬಿಳಿ ಕೋಲನ್ನು ಒಳಗೆ ತೂರಿಸಿದಳು. ಪಕ್ಕದ ಕಿಂಡಿಗೂ ತೂರಿಸಿದಳು. ಆಮೇಲೆ ಅದರ ಕೆಳಗಿನದ್ದಕ್ಕೆ.

"ಸರ್, ಇದೆಲ್ಲ ಒಂದೇ ಕಡೆ ನೋಡುವುದಿಲ್ಲ."

"ಎಂತ?"

"ಮೇಲಿನದ್ದು ದೂರ ನೋಡ್ತದೆ. ಇದು ಸ್ವಲ್ಪ ಹತ್ತಿರ. ಈ ಕೆಳಗಿನದ್ದು ಗೋಡೆಯ ಬುಡವನ್ನೇ ನೋಡ್ತದೆ. ಕೋಲು ಇಳಿಯುವುದು ಬೇರೆ ಬೇರೆ."

ಹೌದು. ಮೇಲಿನ ಕಿಂಡಿ ದೂರದ ಶತ್ರುವಿಗೆ, ನಡುವಿನದ್ದು ಹತ್ತಿರ ಬಂದವನಿಗೆ, ಕೆಳಗಿನದ್ದು ಗೋಡೆಗೆ ಮುಟ್ಟಿದವನಿಗೆ. ಹಾಗೆಯೇ ಕಟ್ಟಿದ್ದಾರೆ. ಅಷ್ಟು ಸಲ ಹೋಗಿದ್ದರೂ ನಾನು ಕಿಂಡಿಯೊಳಗಿಂದ ಸಮುದ್ರ ನೋಡಿದ್ದೆ, ಕಿಂಡಿಯನ್ನು ನೋಡಿರಲಿಲ್ಲ. ಮರುಗಳಿಗೆಯಲ್ಲಿ 34 ಮಕ್ಕಳೂ ಕೊಡೆ, ಸ್ಕೇಲು, ಕಡ್ಡಿ ಏನು ಸಿಕ್ಕಿತೋ ಅದನ್ನು ಕಿಂಡಿಗೆ ತೂರಿಸಿ ಅಳತೆ ಶುರು. ಕೋನಮಾಪಕ ತಂದಿದ್ದರೆ ಅಲ್ಲೇ ಒಂದು ಪಾಠ ಆಗುತ್ತಿತ್ತು. ತಂದಿರಲಿಲ್ಲ. ಕಾವಲಿನವರು ದೂರದಿಂದ ಸೀಟಿ ಊದಿದರು.

ಎಸ್ಸೆಸ್ಸೆಲ್ಸಿ ಹತ್ತಿರ ಬಂತು. ಇಂಥ ಮಕ್ಕಳಿಗೆ ಸ್ಕ್ರೈಬ್ ಕೊಡುತ್ತಾರೆ, ಕೆಳಗಿನ ಕ್ಲಾಸಿನ ಮಗು ಬಂದು ಇವರು ಹೇಳಿದ್ದನ್ನು ಬರೆಯುವುದು. ಸಮಯವೂ ಜಾಸ್ತಿ ಸಿಗುತ್ತದೆ. ಗಂಟೆಗೆ 20 ನಿಮಿಷಕ್ಕೆ ಕಡಿಮೆ ಇಲ್ಲದಂತೆ ಕೊಡಬೇಕು ಅಂತ 2018ರ ಕೇಂದ್ರದ ಮಾರ್ಗಸೂಚಿ ಹೇಳಿತ್ತು. ನಮಗೆ ಸಿಕ್ಕವನು 9ನೇ ಕ್ಲಾಸಿನ ಒಬ್ಬ ಹುಡುಗ. ಅಕ್ಷರ ಮುತ್ತಿನ ಹಾಗೆ. ಗಣಿತ ಅಂದರೆ ಜ್ವರ. ಶನಿವಾರ ಶನಿವಾರ ಇಬ್ಬರನ್ನೂ ಕೂರಿಸಿ ಅಭ್ಯಾಸ ಮಾಡಿಸಿದೆ. ಮೊದಲ ದಿನ ರಚನೆಯ ಲೆಕ್ಕ. ಅವಳು ಹೇಳುತ್ತಿದ್ದಾಳೆ:

"ಅಡ್ಡ ಗೆರೆ ಎಳೆ, 6 ಸೆಂಟಿಮೀಟರ್. ಎಡ ತುದಿಗೆ ಎ, ಬಲ ತುದಿಗೆ ಬಿ. ಕೈವಾರದಲ್ಲಿ 4 ತೆಗೆ. ಮುಳ್ಳನ್ನು ಎಯಲ್ಲಿ ಊರಿ ಗೆರೆಯ ಮೇಲ್ಗಡೆ ಕಂಸ ಹಾಕು. ಈಗ 5 ತೆಗೆ. ಬಿಯಲ್ಲಿ ಊರಿ ಇನ್ನೊಂದು ಕಂಸ. ಎರಡೂ ಎಲ್ಲಿ ಕೂಡಿತು?"

"ಎಲ್ಲಿಯೂ ಕೂಡ್ಲಿಲ್ಲ."

ನಾನು ಎದ್ದು ನೋಡಲು ಹೊರಟೆ. ಅವಳು ಕೈ ಅಡ್ಡ ಹಿಡಿದಳು. ಸ್ವಲ್ಪ ಯೋಚನೆ ಮಾಡಿದಳು.

"ಕೂಡದೆ ಇರ್ಲಿಕ್ಕೆ ಸಾಧ್ಯ ಇಲ್ಲ. 4 ಮತ್ತೆ 5 ಸೇರಿದ್ರೆ 9, ಅದು 6ಕ್ಕಿಂತ ಜಾಸ್ತಿ. ನಿನ್ನ ಕೈವಾರ ಸಡಿಲ ಉಂಟಾ ನೋಡು."

ಹುಡುಗ ನೋಡಿದ. ತಿರುಪು ಸಡಿಲವಾಗಿ ಕಾಲು ಜಾರುತ್ತಿತ್ತು. ಚಿತ್ರ ನೋಡದೆ ಚಿತ್ರದ ತಪ್ಪು ಹಿಡಿದದ್ದು ಅವಳಿಗೆ ದೊಡ್ಡದಲ್ಲ, ಅವಳು ಮುಂದಿನ ಲೆಕ್ಕಕ್ಕೆ ಹೋಗಿದ್ದಳು. ಆದರೆ ಆ ಹುಡುಗ ಪೆನ್ನು ಕೆಳಗಿಟ್ಟು, "ಅಕ್ಕಾ, ಅದು ಯಾಕೆ 6ಕ್ಕಿಂತ ಜಾಸ್ತಿ ಬೇಕು?" ಅಂತ ಕೇಳಿದ. ಆ ಪ್ರಶ್ನೆಯನ್ನು ಅವನು ನನ್ನನ್ನು ಯಾವತ್ತೂ ಕೇಳಿರಲಿಲ್ಲ. ಅವಳು ಮೇಜಿನ ಮೇಲೆ ಮೂರು ಹಿಡಿಸೂಡಿ ಕಡ್ಡಿ ಮುರಿದಿಟ್ಟು ಹೇಳಿಕೊಟ್ಟಳು. ನಾನು ಚಾ ಕುಡಿಯಲು ಹೋದೆ.

ಇಲ್ಲಿರುವವರಿಗೆ ಕೆಲಸದ ಮಾತೊಂದು, ಮರೆಯುವ ಮುಂಚೆ. ಈಗ ಮಕ್ಕಳ ಕೈಯಲ್ಲಿ ಫೋನ್ ಇದೆ, ಕನ್ನಡವನ್ನೂ ಓದಿ ಹೇಳುತ್ತದೆ. ಕಂಪ್ಯೂಟರಿಗೆ ಎನ್‌ವಿಡಿಎ ಅಂತ, ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಅದನ್ನು ಶುರು ಮಾಡಿದವರೇ ಕಣ್ಣು ಕಾಣದ ಇಬ್ಬರು ಆಸ್ಟ್ರೇಲಿಯಾದ ಗೆಳೆಯರು. ಆದರೆ ನೀವು ಪ್ರಶ್ನೆಪತ್ರಿಕೆಯನ್ನು ಯುನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸಿದರೆ, ಆ ಯಂತ್ರ ಭೂತ ಹಿಡಿದವರ ಹಾಗೆ ಏನೇನೋ ಒದರುತ್ತದೆ. ಹಾಳೆಯ ಫೋಟೊ ತೆಗೆದು ವಾಟ್ಸಾಪಿಗೆ ಹಾಕಿದರೆ ‘ಚಿತ್ರ’ ಅಂತ ಹೇಳಿ ಸುಮ್ಮನಾಗುತ್ತದೆ. ನಾನು ಕಳಿಸಿದ ಮೊದಲ ನೋಟ್ಸಿಗೆ ಅವಳಿಂದ ಬಂದ ಉತ್ತರ ಒಂದು ವಾಯ್ಸ್ ಮೆಸೇಜು. ತೆರೆದರೆ ಯಂತ್ರದ ಒದರಾಟ, ಹಿಂದಿನಿಂದ ಅವಳ ನಗು. ಯುನಿಕೋಡಿನಲ್ಲಿ ಟೈಪ್ ಮಾಡಿ. ಅಷ್ಟೇ ಬೇಡಿಕೆ.

ಅವಳು ಹೋಗಿ ಕೆಲವು ವರ್ಷ ಆಯಿತು. ಆಮೇಲೆ ನಮ್ಮ ಶಾಲೆಗೆ ಅಂಥ ಮಗು ಬಂದಿಲ್ಲ. ನಾನು ಈಗಲೂ ಬೋರ್ಡಿನಲ್ಲಿ ಬರೆದದ್ದನ್ನು ಓದುತ್ತೇನೆ. "ಎಡಗಡೆ ಮೇಲಿನ ಮೂಲೆಯಿಂದ ಬಲಗಡೆ ಕೆಳಗಿನ ಮೂಲೆಗೆ ಕರ್ಣ" ಅಂತ ಪೂರ್ತಿ ಹೇಳುತ್ತೇನೆ. ಹೋದ ವಾರ ಒಬ್ಬ ಕೇಳಿದ, "ಸರ್, ನಮಗೆ ಕಾಣ್ತದಲ್ಲ?" ಅಂತ. ಹೌದಾ ಅಂದೆ, ಮುಂದುವರಿಸಿದೆ.

ಇನ್ನೊಂದು ವಿಷಯ. ಕ್ಯಾಲೆಂಡರ್ ತರುವುದು ನಮ್ಮ ಮಕ್ಕಳಿಗೆ ಅಭ್ಯಾಸ ಆಗಿಬಿಟ್ಟಿದೆ. ಯಾಕೆ ಅಂತ ಈಗಿನವರಿಗೆ ಸರಿಯಾಗಿ ಗೊತ್ತಿಲ್ಲ, ಅಣ್ಣ ತರುತ್ತಿದ್ದ, ಅಕ್ಕ ತರುತ್ತಿದ್ದಳು, ಇವರೂ ತರುತ್ತಾರೆ. ಈ ಜನವರಿಯಲ್ಲೂ ಒಂದು ಕಟ್ಟು ಆಗಿದೆ. ಸ್ಟಾಫ್ ರೂಮಿನ ಅಲ್ಮೇರಾದ ಮೇಲೆ ಇಟ್ಟಿದ್ದೇನೆ, ಒಳ್ಳೆಯ ದಪ್ಪ ಕಾಗದ, ಗೆದ್ದಲು ಹಿಡಿದಿಲ್ಲ. ನಿಮ್ಮ ಶಾಲೆಯಲ್ಲಿ ಯಾರಿಗಾದರೂ ಬೇಕಾದರೆ ಊಟದ ಹೊತ್ತಿಗೆ ಹೇಳಿ. ಪೈವಳಿಕೆಯ ಕಡೆಗಾದರೆ ನಾಳೆಯ ಬಸ್ಸಿನಲ್ಲೇ ಕೊಟ್ಟು ಕಳಿಸುತ್ತೇನೆ.